ಕ್ಯಾಶಿಯರ್ ಅಜ್ಜನ ಸಹಿ

ಕಲ್ಮೇಶನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಇದ್ದದ್ದು ಒಂದೇ ಹುಚ್ಚು: ಹಳೆಯ ನೋಟು. ಹಿಂದೊಂದು ಕಾಲಕ್ಕೆ ಅಮೆರಿಕದ ಸಣ್ಣಪುಟ್ಟ ಊರಿನ ಬ್ಯಾಂಕುಗಳೂ ತಮ್ಮೂರಿನ ಹೆಸರು ಹಾಕಿ ನೋಟು ಹೊರಡಿಸುತ್ತಿದ್ದವು. ಕೆಲವುಗಳ ಮೇಲೆ ಅಲ್ಲಿನ ಕ್ಯಾಶಿಯರನೇ ಪೆನ್ನು ಹಿಡಿದು ಸಹಿ ಹಾಕುತ್ತಿದ್ದ. ಅಮೆರಿಕದ ಲಿವೋನಿಯಾ ಊರಿನಲ್ಲಿ ನೆಲೆಸಿದ್ದ ಈ ಇಂಜಿನಿಯರ್ ಮಹಾಶಯ ರಜೆ ಸಿಕ್ಕಿತೆಂದರೆ ಅವುಗಳ ಬೆನ್ನು ಹತ್ತಿ ಹೊರಡುತ್ತಿದ್ದ. "ಹರಕ ಕಾಗದ ತಂದು ಮನಿ ತುಂಬ್ಯಾರ ನೋಡ್ರಿ" ಎಂದು ಹೆಂಡತಿ ನೀಲಾಂಬಿಕಾ ಬಂದವರೆದುರೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಈ ಹುಚ್ಚಿನಿಂದಲೇ ಅವನಿಗೆ ಡೋರಿಸ್ ಪರಿಚಯವಾದದ್ದು. ಹತ್ತಿರದ ವಿಕ್ಸಮ್‌ನ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದ ಮುದುಕಿ. ಅವಳನ್ನು ಸಾಕಿದ ಅಜ್ಜ ಅಂಥದೊಂದು ಬ್ಯಾಂಕಿನ ಕ್ಯಾಶಿಯರ್. ಮನೆಗೆ ಬೆಂಕಿ ಬಿದ್ದಾಗ ಅವನದೆಂದು ಒಂದು ಚೂರೂ ಉಳಿದಿರಲಿಲ್ಲ. "ಅವನ ಅಕ್ಷರ ಒಮ್ಮೆ ನೋಡಿದರೆ ಸಾಕಪ್ಪ, ನೆಮ್ಮದಿಯಾಗಿ ಸಾಯ್ತೀನಿ" ಎಂದಿದ್ದಳು. ಕಲ್ಮೇಶ ಹುಡುಕದ ಜಾಗವಿಲ್ಲ. ಕೊನೆಗೆ ದೂರದ ಎಲ್ಕ್ ಗ್ರೋವ್ ವಿಲೇಜ್ ಎಂಬ ಊರಿನ ಹಳೆಯ ನೋಟುಗಳ ಮೇಳವೊಂದರಲ್ಲಿ ಆ ಬ್ಯಾಂಕಿನ ನೋಟು ಸಿಕ್ಕಿತು, ಅಜ್ಜನ ಸಹಿಯ ಸಮೇತ. ಸಂಭ್ರಮದಲ್ಲಿ ಒಂದು ಫೋಟೋ ತೆಗೆದಿಡುವುದೂ ತೋಚಲಿಲ್ಲ, ಮುಠ್ಠಾಳನಿಗೆ.

ಮನೆಗೆ ಬಂದ ಮರುದಿನ ದೀಪಾವಳಿ. "ಹಬ್ಬದ ದಿನ ಎಲ್ಲಿಗೂ ಹೋಗಬ್ಯಾಡ್ರಿ, ನಾಳೆ ಹೋಗೂಣು, ನಾನೂ ಬರ್ತೀನಿ" ಎಂದಳು ನೀಲಾಂಬಿಕಾ. ಮುದುಕಿಯ ಕಥೆ ಕೇಳಿ ಅವಳ ಕರುಳು ಚುರ್ ಎಂದಿತ್ತು. ಎಂದೂ ಆ ನೋಟುಗಳನ್ನು ಮುಟ್ಟದವಳು ಅಂದು ಅದನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಲಕ್ಷ್ಮಿಯ ಮುಂದಿಟ್ಟಳು. ಮದುವೆ ಪತ್ರಿಕೆಗೆ ಹಚ್ಚುವಂತೆ ನಾಲ್ಕೂ ಮೂಲೆಗೆ ಹಸಿ ಅರಿಶಿನ ಹಚ್ಚಿದಳು. ಸಹಿ ಇದ್ದದ್ದು ಕೆಳಗಿನ ಮೂಲೆಯಲ್ಲೇ.

ಸ್ನಾನ ಮುಗಿಸಿ ಬಂದ ಕಲ್ಮೇಶ ಹೌಹಾರಿದ. "ಅಯ್ಯಯ್ಯೋ, ಏನ್ ಮಾಡಿದೆ ಇದು!"

ಅವಳು ಗಾಬರಿಬಿದ್ದು ಒದ್ದೆ ಬಟ್ಟೆಯಿಂದ ಒರೆಸಿದಳು. ಅರಿಶಿನ ಹೋಗಲಿಲ್ಲ, ಸಹಿ ಹೋಯಿತು.

"ಆಕಿಗೆ ಚಲೋ ಆಗ್ಲಿ ಅಂತ ಮಾಡಿದ್ನಿರೀ..." ಎಂದು ಅಲ್ಲೇ ಕುಸಿದು ಕೂತಳು. ಅವನು ಬೈಯದೆ ನೋಟನ್ನು ಎತ್ತಿ ಕವರಿಗೆ ಹಾಕಿದ.

ಮರುದಿನ ಅವನೊಬ್ಬನೇ ಹೋದ. ಡೋರಿಸ್ ನೋಟು ಹಿಡಿದು ಭೂತಗನ್ನಡಿಯಲ್ಲಿ ಹುಡುಕಿದಳು.

"ಎಲ್ಲಿದೆ? ಬರೀ ಹಳದಿ ಕಾಣುತ್ತೆ."

ನಿಜ ಹೇಳಿಬಿಡಬೇಕೆಂದೇ ದಾರಿಯುದ್ದಕ್ಕೂ ಗಟ್ಟಿಮನಸ್ಸು ಮಾಡಿಕೊಂಡು ಬಂದಿದ್ದ. ಆ ಮುಖ ನೋಡಿದ್ದೇ ಆ ಗಟ್ಟಿತನ ಕರಗಿತು.

"ಇದೆಯಲ್ಲ, ಅಲ್ಲೇ ಮೂಲೆಯಲ್ಲಿ. ಚೆನ್ನಾಗಿ ಕಾಣುತ್ತಲ್ಲ" ಎಂದುಬಿಟ್ಟ.

ಮುದುಕಿ ಇನ್ನೊಮ್ಮೆ ನೋಡಿದಳು. ಆಮೇಲೆ ಭೂತಗನ್ನಡಿ ಕೆಳಗಿಟ್ಟಳು.

"ಹಾಗಾದರೆ ನನ್ನ ಕಣ್ಣೂ ಹೋಯಿತು. ನೀನು ನಿನ್ನೆ ಬಂದಿದ್ದರೆ ಕಾಣ್ತಿತ್ತೇನೋ" ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.