ಡಂಗುರ ಮೇಸ್ತ್ರಿ ಹೊದಿಕೆ ತೆಗೆದದ್ದು

ಊರಲ್ಲಿ ಅವನಿಗೆ ಡಂಗುರ ಮೇಸ್ತ್ರಿ ಎಂದೇ ಹೆಸರು. ಒಂದು ಮೆಟ್ಟಿಲು ಕಟ್ಟಿದರೂ ಸುತ್ತಲ ಬೀದಿಗಳಿಗೆ ಸುದ್ದಿ ಮುಟ್ಟುತ್ತಿತ್ತು. ತಾನು ಕಟ್ಟಿದ ಗೋಡೆಗೆ ಆನೆ ಬೆನ್ನುಜ್ಜಿದರೆ ಆನೆಗೇ ಗಾಯ ಎನ್ನುವವನು. ಬೇಸರದ ಸಂಗತಿಯೆಂದರೆ ಗೋಡೆ ನಿಜಕ್ಕೂ ಹಾಗೇ ಇರುತ್ತಿತ್ತು. ನಗಲು ಬಂದವರಿಗೆ ನಷ್ಟ. ಅಡುಗೆಮನೆ ಗೂಡಿನಷ್ಟಿದ್ದರೂ ಸರಿ, ಒಲೆ ಬರುವ ಜಾಗದಲ್ಲಿ ತಾನೇ ಕೂತು, ಹೊಗೆ ಯಾವ ಕಡೆ ಹೋದೀತೆಂದು ಯೋಚಿಸಿಯೇ ಕಿಟಕಿ ಇಡುತ್ತಿದ್ದ. ಸಿಮೆಂಟ್ ಅಂಗಡಿಯವನು ಇಷ್ಟು ವರ್ಷಗಳಲ್ಲಿ ಅವನ ಬಾಯಿಂದ ಕೇಳದೇ ಇದ್ದ ಮಾತು ಒಂದೇ: "ತಪ್ಪಾಯ್ತು." ಇಟ್ಟಿಗೆ ಸೊಟ್ಟಗಿದ್ದರೆ ಭೂಮಿಯೇ ವಾಲಿದೆ ಎನ್ನುವ ಪೈಕಿ.

ಆ ಚಳಿಗಾಲದಲ್ಲಿ ಟೀಚರಮ್ಮನ ಹೊಸ ಮನೆಗೆ ಪಾಯ ಹಾಕಿದರು. ಸಿಮೆಂಟು ಹೊಸ ಕಂಪನಿಯದು, ಅಂಗಡಿಯವನೇ ಒತ್ತಾಯ ಮಾಡಿ ಕೊಟ್ಟದ್ದು. ಬೆಳಗಾದರೆ ಬಕೆಟ್ಟಿನ ನೀರಿನ ಮೇಲೆ ಮಂಜುಗಡ್ಡೆಯ ಪೊರೆ ಕಟ್ಟೀತೇನೋ ಎನ್ನುವಂಥ ಚಳಿ. ಮೇಸ್ತ್ರಿ ಉಗುರುಬೆಚ್ಚಗಿನ ನೀರಲ್ಲಿ ಕಾಂಕ್ರೀಟು ಕಲಸಿ, ಕಂಬದ ಗುಂಡಿಗಳಿಗೆ ಸುರಿದು, ಮೇಲೆ ಹುಲ್ಲು, ಗೋಣಿಚೀಲ, ಟಾರ್ಪಾಲು ಹೊದಿಸಿದ.

"ಗಟ್ಟಿಯಾಗುವಾಗ ಇದರ ಒಳಗೇ ಬಿಸಿ ಹುಟ್ಟುತ್ತೆ ಸಾವ್ಕಾರ್ರೇ. ಹಸುಗೂಸಿನ ಥರ ಸುತ್ತಿಡ್ಬೇಕು. ನನ್ನ ಹೆಂಡ್ತಿ ಕೇಳ್ತಾಳೆ, ನನಗೆ ಯಾವತ್ತಾದ್ರೂ ಹೀಗೆ ಹೊದಿಸಿದ್ದೀಯಾ ಅಂತ!" ಎಂದ, ನೋಡಲು ಬಂದಿದ್ದ ಅಂಗಡಿಯವನಿಗೆ.

ಕೆಲವು ದಿನ ಕಳೆದ ಮೇಲೆ ಟೀಚರಮ್ಮ ಏದುಸಿರು ಬಿಡುತ್ತ ಅಂಗಡಿಗೆ ಬಂದರು. "ಪಾಯ ಬಿರುಕು ಬಿಟ್ಟಿದೆ. ಸಿಮೆಂಟೇ ಸರಿಯಿಲ್ಲ ಅಂತಾರೆ ನಮ್ಮಣ್ಣ."

ಗಿರಾಕಿಯೊಬ್ಬ ಎತ್ತಿದ್ದ ಚೀಲವನ್ನು ಮೆಲ್ಲಗೆ ಕೆಳಗಿಟ್ಟ. ಅದರ ಜೊತೆಗೇ ಅಂಗಡಿಯವನ ಎದೆಯೂ ಕುಸಿಯಿತು. ಅಂಗಡಿಯ ಹೆಸರು ಸಿಮೆಂಟ್ ಚೀಲವಿದ್ದ ಹಾಗೆ. ಒಮ್ಮೆ ನೀರು ಬಿದ್ದರೆ ಮತ್ತೆ ಪುಡಿಯಾಗುವುದಿಲ್ಲ.

ಬಾಗಿಲೆಳೆದು ಓಡಿದ. ಈ ವ್ಯವಹಾರದ ಪದ್ಧತಿ ಅವನಿಗೆ ಗೊತ್ತು: ಬಿರುಕು ಬಿಟ್ಟರೆ ಮೇಸ್ತ್ರಿ ತಪ್ಪನ್ನು ಸಿಮೆಂಟಿನ ಮೇಲೆ ಹಾಕುತ್ತಾನೆ, ಅಂಗಡಿಯವನು ಮೇಸ್ತ್ರಿಯ ಮೇಲೆ, ಕೊನೆಗೆ ಇಬ್ಬರೂ ಸೇರಿ ಮರಳಿನ ಮೇಲೆ. ಮರಳಿಗೆ ಬಾಯಿಲ್ಲ. ಡಂಗುರದ ಎದುರು ತನ್ನ ಗತಿಯೂ ಮರಳಿನದೇ ಎಂದುಕೊಂಡು, ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿದ.

ಅಲ್ಲಿ ನೋಡಿದರೆ ಮೇಸ್ತ್ರಿ ಗುಂಡಿಯೊಳಗೆ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಆಳ ಎಷ್ಟಿದೆಯೆಂದು ಬಿರುಕಿನ ಗುಂಟ ಉಳಿಯಿಂದ ಕೆತ್ತುತ್ತಿದ್ದಾನೆ. ಮೇಲೆ ಟೀಚರಮ್ಮನ ಅಣ್ಣ ಕೈಕಟ್ಟಿ ನಿಂತಿದ್ದಾರೆ.

"ಹೇಳಪ್ಪ, ಸಿಮೆಂಟು ಕಳಪೆ ತಾನೆ?" ಎಂದರು ಅವರು.

ಒಂದು 'ಹೂಂ' ಸಾಕಿತ್ತು. ಅಂಗಡಿಯವನು ಗುಂಡಿಯ ಅಂಚಿಗೆ ಬಂದು ಬಗ್ಗಿದ.

ಮೇಸ್ತ್ರಿ ಎದ್ದು ನಿಂತ. "ಕಳಪೇನಾ? ಸ್ವಾಮಿ, ನಿನ್ನೆ ಬೆಳ್‌ಬೆಳಿಗ್ಗೆ ನೀವು ನೋಡೋಕೆ ಬಂದ್ರಲ್ಲ, ಆಗ ಹೊದಿಕೆ ಪೂರ್ತಿ ಎಳೆದು ತೋರಿಸಿದೋನು ಯಾರು? ನಾನು! ಒಳಗೆ ಬೆಚ್ಚಗಿದ್ದಿದ್ದಕ್ಕೆ ಆ ಕೊರೆಯೋ ಗಾಳಿ ಒಂದೇ ಸಲ ಬಡೀತು. ಮೈ ಕುಗ್ಗಿ ಬಿರೀತು. ನಿಮ್ಮ ಬಾಯಲ್ಲಿ ಭೇಷ್ ಅನ್ನಿಸ್ಕೊಳ್ಳೋ ಚಪಲ ನಂದು. ಇಂಥಾ ತಪ್ಪು ಮಾಡೋಕೆ ಈ ಊರಲ್ಲಿ ನನ್ನ ಬಿಟ್ರೆ ಇನ್ಯಾರ ಕೈಲೂ ಆಗಲ್ಲ!"

ತಪ್ಪನ್ನೂ ಹೀಗೆ ಎದೆ ಸೆಟೆಸಿ ಹೇಳಬಹುದೆಂದು ಅಂಗಡಿಯವನಿಗೆ ಅಂದೇ ತಿಳಿದದ್ದು. ಜೋಡಿಸಿ ತಂದಿದ್ದ ಜಗಳವನ್ನು ಎಲ್ಲಿಡಬೇಕೆಂದು ಗೊತ್ತಾಗದೆ, ಕೆಳಗೆ ಬಿದ್ದಿದ್ದ ಗೋಣಿಚೀಲ ಮಡಿಸುತ್ತ ನಿಂತ.

ಹೆಚ್ಚಿನವು ಮೇಲುಮೇಲಿನ ಗೀರುಗಳು, ತುಂಬಿದರೆ ಸಾಕಿತ್ತು. ಮೂಲೆಯದೊಂದು ಮಾತ್ರ ಒಳಕ್ಕಿಳಿದಿತ್ತು. ಅದನ್ನೂ ಮೆತ್ತಿಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ. ನಾಳೆ ಮಣ್ಣು ಮುಚ್ಚುವ ಜಾಗ. ಮೇಸ್ತ್ರಿ ಆ ಮೂಲೆಯನ್ನೇ ಒಡೆಯಲು ಸುತ್ತಿಗೆ ಎತ್ತಿದ. ಏಟಿಗೊಮ್ಮೆ ಸುತ್ತಿಗೆ ಪುಟಿದು ವಾಪಸು ಬರುತ್ತಿತ್ತು.

"ಇದೆಂಥಾ ಸಿಮೆಂಟ್ ಕೊಟ್ರಿ ಸಾವ್ಕಾರ್ರೇ, ನನ್ನ ರಟ್ಟೆ ಬಿದ್ದೋಯ್ತು!" ಎಂದು ಬೀದಿಗೆಲ್ಲ ಕೇಳುವಂತೆ ಬೈದ. ಇದಕ್ಕಿಂತ ಒಳ್ಳೆಯ ಜಾಹೀರಾತು ಅಂಗಡಿಯವನ ಬೋರ್ಡಿನ ಮೇಲೂ ಇರಲಿಲ್ಲ. ಚೀಲ ಕೆಳಗಿಟ್ಟಿದ್ದ ಗಿರಾಕಿ ಸಂಜೆಯೇ ಬಂದು ಅದನ್ನು ಹೊತ್ತುಕೊಂಡು ಹೋದ.

ಮೂಲೆಗೆ ಹೊಸದಾಗಿ ಕಾಂಕ್ರೀಟು ಬಿತ್ತು; ಮತ್ತೆ ಹುಲ್ಲು, ಚೀಲ, ಟಾರ್ಪಾಲು. ಮರುದಿನ ಬೆಳಿಗ್ಗೆ ಅಂಗಡಿಯವನು ಚಳಿಗೆ ನಡುಗುತ್ತ ಹೋದ.

"ಮೇಸ್ತ್ರಿ, ಒಂದು ಅಂಚು ಎತ್ತಿ ತೋರಿಸಯ್ಯ."

"ಆಗಲ್ಲ."

"ನನಗೂ?"

"ನನಗೇ ನಾನು ತೋರಿಸ್ತಿಲ್ಲ, ನಿಮಗೆ ತೋರಿಸ್ತೀನಾ?" ಎಂದು ಡಂಗುರ ಮೇಸ್ತ್ರಿ ಟಾರ್ಪಾಲಿನ ಅಂಚಿನ ಮೇಲೆ ಇನ್ನಷ್ಟು ಒತ್ತಿ ಕೂತ.