ಕಾರ್ಡಿನ ಮೂಲಿಗೆ ಅರಿಶಿಣ

ಗೆಳತ್ಯಾರ, ನಸುಕಿನ್ಯಾಗ ಕೆಟ್ಟ ಕನಸು ಬಿದ್ದಿತ್ತು. ಮಗಳು ಹಂಚಿದ ಕಾರ್ಡೆಲ್ಲಾ ಕ್ಲಾಸಿನ ಹುಡುಗ್ರು ವಾಪಸ್ ತಂದು ನಮ್ಮ ಬಾಗಲದಾಗ ಒಗದು ಹೋದಂಗ.

ವ್ಯಾಲೆಂಟೈನ್ಸ್ ಡೇಕ್ಕ ಎಲ್ಲಾರಿಗೂ ಮನ್ಯಾಗ ಕಾರ್ಡ್ ಮಾಡಿ ತರ್ರಿ ಅಂದಿದ್ರು ಟೀಚರ್. ಐದನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ ನಾನು, ಇದರ ಪದ್ಧತಿ ಹ್ಯಾಂಗೋ ಏನೋ. ನೇಕಾರರ ಮನಿ, ಸೀರಿ ಮಡಚೂ ರಟ್ಟು ಇತ್ತು. ಅದನ್ನ ಕತ್ತರಿಸಿ ಕೆಂಪು ಹೃದಯ ಅಂಟಿಸಿದೆ. ಬರೇ ಕೊಡಬಾರದಂತ ನಾಕೂ ಮೂಲಿಗೆ ಅರಿಶಿಣ-ಕುಂಕುಮ ಹಚ್ಚಿದೆ.

ಇವತ್ತ ಸಂಜಿಗೆ ಮಗಳ ಗೆಳತಿ ಶಬಾನಾನ ಅಜ್ಜಿ ಅದ ಕಾರ್ಡ್ ಹಿಡಕೊಂಡು ಬಂದ್ರು. ಮಗಳು ನನ್ನ ಸೆರಗಿನ ಹಿಂದ ನಿಂತ್ಳು.

"ಯಾರ ಲಗ್ನ ಐತವಾ? ತಾರೀಖ ಬರದಿಲ್ಲಲ್ಲ!"

"ಲಗ್ನ ಅಲ್ರಿ ಅಮ್ಮಾ, ಹುಡುಗ್ರು ಪ್ರೀತಿಲೇ ಕೊಡೂ ಕಾರ್ಡಂತ್ರಿ."

"ಪ್ರೀತಿಗೂ ಕಾರ್ಡ್ ಬೇಕೇನ? ಹಂಗಾರ ಊಟ ಇಲ್ಲ?"

ಮಗಳು ಮೆಲ್ಲಕ ಕೇಳಿದ್ಳು, "ಅಜ್ಜಿ, ವಾಪಸ್ ಕೊಡಾಕ ಬಂದೀರೇನ್ರಿ?"

"ವಾಪಸ್? ಶಬಾನಾ ಅಳಕೋತ ಕುಂತಾಳ, ಆಕಿ ಕೈಯಾಗಿಂದ ಕಸಗೊಂಡು ಬಂದೇನಿ. ಲಗೂ ಒಯ್ಯಬೇಕು."

ಚಹಾ, ಮಿರ್ಚಿ ಭಜಿ ಕೊಟ್ಟು ಕಳಿಸಿದೆ. ಕ್ಲಾಸಿನ ಉಳಿದ ಮಕ್ಕಳ ತಾಯಂದ್ರ, ನಿಮ್ಮ ಮನಿಗೆ ಬಂದ ಕಾರ್ಡಿನ ಮೂಲಿ ಇನ್ನೊಮ್ಮೆ ನೋಡ್ರಿ. ಅರಿಶಿಣ ಹತ್ತಿದ್ರ ಅದು ನಮ್ದ. ಲಗ್ನ ಅಂತ ಯಾರೂ ಆಯೇರಿ, ಉಡುಗೊರಿ ತರಬ್ಯಾಡ್ರಿ.