ಗಿಡವೆಂದು ಬರೆದ ಬೇವು

ಕಾಡಿಲ್ಲದ ಸೀಮೆಯಲ್ಲಿ ಮರ ಕಾಯುವ ನೌಕರಿ ಎಂಥದೆಂದು ತಿಳಿಯಬೇಕಾದರೆ ಶ್ರೀ ವೇದವ್ಯಾಸ ಗಲಗಲಿಯವರ ಸೇವಾವಧಿಯನ್ನು ನೋಡಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತ ಕಣ್ಣು ಹಾಯಿಸಿದಷ್ಟೂ ಕಬ್ಬು. ಮರವೆಂದು ಉಳಿದದ್ದು ಹೊಲದ ಬದುವಿನಲ್ಲಿ, ಇಲ್ಲವೆ ಜನರ ಮನೆಯಂಗಳದಲ್ಲಿ. ಆ ಅಂಗಳದ ಮರ ಕಡಿಯಲೂ ಸರಕಾರದ ಅಪ್ಪಣೆ ಬೇಕು. ಅಪ್ಪಣೆ ಕೇಳಿದವರ ಮನೆಗೆ ಹೋಗಿ, ಮರವನ್ನೂ ಮನೆಯವರ ಕಷ್ಟವನ್ನೂ ಕಂಡು, ವರದಿ ಬರೆಯುವ ಕೆಲಸದಲ್ಲೇ ಇಡೀ ನೌಕರಿಯನ್ನು ಸವೆಸಿದ ಗಲಗಲಿಯವರು ಈಗ ನಿವೃತ್ತರಾಗಿದ್ದಾರೆ. ಅಭಿನಂದನ ಸಮಿತಿಯವರು ಅವರ ನಿಯಮನಿಷ್ಠೆಯ ಬಗ್ಗೆ ಬರೆಯಲು ಕೇಳಿದ್ದಾರೆ. ಬರೆಯುವುದಕ್ಕೇನು, ಬರೆಯೋಣ; ಆದರೆ ಆ ನಿಷ್ಠೆಯ ಹೆಸರೆತ್ತಿದರೆ ಅವರ ಮುಖ ಏಕೆ ಕಪ್ಪಿಡುತ್ತದೆಂಬುದನ್ನೂ ಬರೆಯಬೇಕಾಗುತ್ತದೆ.

ಜಮಖಂಡಿಯಲ್ಲೇ ಹುಟ್ಟಿ, ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ ಆಡುತ್ತ ಬೆಳೆದ ಗಲಗಲಿಯವರಿಗೆ ಅರ್ಜಿದಾರರನ್ನು ಕಚೇರಿಗೆ ಅಲೆದಾಡಿಸುವುದು ಎಂದೂ ಒಗ್ಗಲಿಲ್ಲ. ಹಳೆಯ ಬೈಕು ಹತ್ತಿ ತಾವೇ ಹೋಗುತ್ತಿದ್ದರು. ಜಮಖಂಡಿಯ ವೃದ್ಧೆ ಕಾಶೀಬಾಯಿಯವರ ಗೋಡೆ ಸೀಳಿಕೊಂಡು ಅಶ್ವತ್ಥ ಬೆಳೆದಿತ್ತು. ಅಪ್ಪಣೆ ಕೈಗೆ ಬಂದ ಮೇಲೂ ಅವರು ಕೊಡಲಿ ಹಾಕಿಸಲು ಹೆದರಿ ಅಳುತ್ತ ಕುಳಿತರು. ಗಲಗಲಿಯವರು ಬೂಟು ಕಳಚಿ ಮರಕ್ಕೆ ಕೈಮುಗಿದು, "ಕಾಕೂ, ಸಹಿ ಸರಕಾರದ್ದದ. ಪಾಪ ಅದರ ತಲಿಮ್ಯಾಲೆ ಹೋಗ್ಲಿ ಬಿಡ್ರಿ, ಅದಕ್ಕ ರೂಢಿ ಅದ" ಎಂದರು. ಕಾಶೀಬಾಯಿ ಅಳುವಿನ ನಡುವೆಯೇ ನಕ್ಕರು. ಇಂಥ ಎಷ್ಟೋ ಅಂಗಳಗಳಲ್ಲಿ ಅವರ ಹೆಸರನ್ನು ಇಂದಿಗೂ ಪ್ರೀತಿಯಿಂದ ತೆಗೆಯುತ್ತಾರೆ.

ಆಮೇಲೆ ಅವರ ಪಾಲಿಗೆ ಬನಹಟ್ಟಿಯ ಬೇವು ಬಂತು. ಅಲ್ಲಿನ ನೇಕಾರ ಗುರಪ್ಪನವರ ತಗಡಿನ ಮನೆಯ ಮೇಲೆ ಬಾಗಿದ್ದ ಆ ದೊಡ್ಡ ಬೇವಿನ ಬುಡ ಒಳಗೆ ಟೊಳ್ಳಾಗಿತ್ತು. ಆ ತಗಡಿನ ಕೆಳಗೇ ಗುರಪ್ಪನವರ ಮಗ್ಗ. ಅವರ ಪತ್ನಿ ತಾಯವ್ವನವರು ಮಗಳು ಪ್ರತಿಮಾಳಿಂದ ಅರ್ಜಿ ಬರೆಸಿದರು: ಮನೆಯ ಮೇಲೆ ಬೀಳುವಂತಿರುವ ಬೇವಿನ ಗಿಡ ತೆಗೆಯಲು ಅಪ್ಪಣೆ ಕೊಡಬೇಕು. ನಮ್ಮ ಕಡೆ ಮುಗಿಲು ಮುಟ್ಟುವ ಆಲಕ್ಕೂ ಗಿಡವೆಂದೇ ಹೆಸರು. ಮರ ಎಂಬುದು ಪುಸ್ತಕದ ಮಾತು. ದಕ್ಷಿಣದ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ಹಿರಿಯ ಅಧಿಕಾರಿಗೆ ಮಾತ್ರ ಗಿಡವೆಂದರೆ ಕುಂಡದಲ್ಲಿ ಬೆಳೆಯುವ ವಸ್ತು. ಸಣ್ಣ ಗಿಡ ತೆಗೆಯಲು ಅನುಮತಿ ಬೇಕಿಲ್ಲವೆಂದು ಹಿಂಬರಹ ಹಾಕಿ ಅವರು ಅರ್ಜಿಯನ್ನು ಮುಗಿಸಿಬಿಟ್ಟರು. ಗಲಗಲಿಯವರು ಆ ವಾರ ಬೀಳಗಿಯ ಕಡೆ ತಪಾಸಣೆಯಲ್ಲಿದ್ದರು.

ಮರ ಕಡಿಯುವ ಮಾಳಿಂಗರಾಯ ಆ ಕಾಗದ ಓದಿಸಿಕೊಂಡು, ಮರವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕೊಡಲಿ ಕೆಳಗಿಟ್ಟ. "ಕಾಗದದಾಗ ಸಣ್ಣ ಗಿಡ ಅಂತ ಬರದಾರ. ಇದು ನೋಡಿದ್ರ ಕರೆಂಟಿನ ತಂತಿ ಮುಟ್ಟೇತಿ. ನಾಳೆ ಕೇಸ್ ಆದ್ರ ನನ್ನ ಹಿಡಕೊಂಡ ಹೋಗ್ತಾರ, ಯವ್ವಾ" ಎಂದ. ತಂತಿ ಬಿಚ್ಚಬೇಕಾದ ವಿದ್ಯುತ್ ಕಚೇರಿಯವರು, ಮರದ ಅನುಮತಿ ತಂದರೆ ಬಿಚ್ಚುತ್ತೇವೆಂದರು. ಒಂದು ಕಚೇರಿಗೆ ಗಿಡ, ಇನ್ನೊಂದಕ್ಕೆ ಮರ. ನಡುವೆ ತಾಯವ್ವನವರ ಚಪ್ಪಲಿ ಸವೆದವು.

ಗಲಗಲಿಯವರು ಮರಳಿ ಬಂದವರೇ ಹಿರಿಯ ಅಧಿಕಾರಿಯ ಮುಂದೆ ನಿಂತರು. "ಸಾಹೇಬ್ರ, ನಮ್ಮ ಕಡೆ ಮರಕ್ಕನ ಗಿಡ ಅಂತಾರ್ರಿ. ಎಷ್ಟ ದೊಡ್ಡದಿದ್ರೂ ಗಿಡಾನ."

"ಜನ ಏನಂತಾರೆ ಅನ್ನೋದನ್ನ ಅಲ್ಲ ಕಣ್ರೀ, ಅರ್ಜೀಲಿ ಏನಿದೆ ಅನ್ನೋದನ್ನ ನಾವು ನೋಡೋದು. ಹೊಸ ಅರ್ಜಿ ಹಾಕಿಸಿ."

ಹೊಸ ಅರ್ಜಿಯನ್ನು ಗಲಗಲಿಯವರೇ ಬರೆದರು, ಅಂದೇ ಸ್ಥಳ ನೋಡಿ ವರದಿಯನ್ನೂ ಇಟ್ಟರು. ಸಹಿ ಮಾಡಬೇಕಾದ ಹಿರಿಯ ಅಧಿಕಾರಿ ತರಬೇತಿಗೆ ಹೋದರು. ಅಪಾಯದ ಮರವನ್ನು ಮೊದಲು ಕೆಡವಿ ಆಮೇಲೆ ವರದಿ ಕೊಡಲು ದಾರಿಯೊಂದಿತ್ತು. ಆ ದಾರಿ ಹಿಡಿದವರು ನಿವೃತ್ತಿಯವರೆಗೂ ಸಮಜಾಯಿಷಿ ಬರೆಯುತ್ತ ಕೂರಬೇಕೆಂಬುದೂ ಎಲ್ಲರಿಗೆ ಗೊತ್ತಿತ್ತು. ಮಾಳಿಂಗರಾಯ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ತಡೆದು, "ನೀವು ಮುಂದ ನಿಂದರ್ರಿ ಸಾಹೇಬ್ರ, ಸಾಕು. ಇವತ್ತ ಕೆಡವ್ತೀನಿ" ಎಂದ.

"ಆರ್ಡರ್ ಇಲ್ಲದ ನಾ ಇಲ್ಲೀತನಕ ಒಂದ ಟೊಂಗಿ ಕಡಸಿಲ್ಲೋ. ಸಹಿ ಬರ್ಲಿ" ಎಂದರು ಗಲಗಲಿಯವರು. ಸಮಿತಿಯವರು ಹೊಗಳಬೇಕೆಂದಿರುವ ನಿಯಮನಿಷ್ಠೆ ಇದೇ.

ಆ ವಾರವೇ ಒಂದು ಮಧ್ಯಾಹ್ನ ಗಾಳಿ ಎದ್ದಿತು. ಮಗ್ಗದ ಸದ್ದಿನಲ್ಲಿ ಬೇವು ಸೀಳಿದ ಸದ್ದು ಗುರಪ್ಪನವರಿಗೆ ಕೇಳಲೇ ಇಲ್ಲ. ತಗಡು ಸರಿಸಿ ಅವರನ್ನು ಹೊರಗೆ ತೆಗೆದಾಗ ಜೀವವಿರಲಿಲ್ಲ.

ಸಹಿ ಆಮೇಲೆ ಬಂತು. ಇನ್ನೂ ನಿಂತಿದ್ದ ಅರ್ಧ ಮರವನ್ನು ತೆಗೆಯಲು ಆ ಆದೇಶವನ್ನು ಗಲಗಲಿಯವರೇ ಒಯ್ಯಬೇಕಾಯಿತು. ತಾಯವ್ವನವರು ಅದನ್ನು ಕೈಯಲ್ಲಿ ಹಿಡಿದು, "ಈಗ ಅದು ಮರ ಆತೇನ್ರಿ, ಸಾಹೇಬ್ರ?" ಎಂದಷ್ಟೇ ಕೇಳಿದರು.

ವಿಚಾರಣೆ ನಡೆಯಿತು. ಎಲ್ಲರ ಕಾಗದವೂ ಸರಿಯಾಗಿತ್ತು. ತಪ್ಪು ಸಿಕ್ಕಿದ್ದು ಗಿಡವೆಂದು ಬರೆದ ಪ್ರತಿಮಾಳ ಅಕ್ಷರದಲ್ಲಿ ಮಾತ್ರ. ಓದಿದ ಹುಡುಗಿ ಮರವೆಂದು ಬರೆಯಬಾರದಿತ್ತೆ ಎಂದು ಕೇಳಿದವರೂ ಇದ್ದರು. ನಾಚಿಕೆಯಾಗಬೇಕು ನಮಗೆ. ಹಿರಿಯ ಅಧಿಕಾರಿ ಬಡ್ತಿ ಪಡೆದು ಹೋದರು. ಗಲಗಲಿಯವರು ಅಂದಿನಿಂದ ಅಪಾಯದ ಮರ ಕಂಡಲ್ಲಿ ಮೊದಲು ಕೆಡವಿಸಿ, ಆಮೇಲೆ ಬರೆದರು. ನೋಟಿಸುಗಳು ಬಂದವು; ಬಡ್ತಿ ಅವರ ಮನೆಯ ದಾರಿ ಮರೆಯಿತು. ಆ ನೋಟಿಸುಗಳಿಗೆ ಸಹಿ ಹಾಕಿದ ಕೈಗಳೇ ಈಗ ಶಾಲು ಮಡಚಿ ಸಿದ್ಧವಾಗಿವೆ. ಹೊದಿಸಲಿ, ಬೇಡವೆನ್ನಲು ನಾವ್ಯಾರು.

ನಿವೃತ್ತಿಯ ನಂತರವೂ ಅವರು ಬೆಳಗಾದರೆ ಬೈಕು ಹತ್ತುತ್ತಾರೆ, ಚಿಮ್ಮಡದಿಂದ ಮಹಾಲಿಂಗಪುರದವರೆಗೆ ಕರೆದವರ ಅಂಗಳದಲ್ಲಿ ಕುಳಿತು ಅರ್ಜಿ ಬರೆದುಕೊಡುತ್ತಾರೆ. ಆ ಕೆಲಸ ನಿಲ್ಲದಿರಲಿ. ದೀರ್ಘಾಯುಷ್ಯವನ್ನು ಹಾರೈಸುವುದು ಇಂಥ ಲೇಖನದ ಸಂಪ್ರದಾಯ. ಆದರೆ ಗುರಪ್ಪನವರಿಗೆ ಸಿಗದ ವರ್ಷಗಳನ್ನು ನೆನೆದರೆ ಆ ಮಾತು ನಮ್ಮದಲ್ಲವೆನಿಸುತ್ತದೆ. ಅದನ್ನು ನಮಗಿಂತ ಮೊದಲು, ಹೇಳುವ ಹಕ್ಕಿರುವವರೇ ಹೇಳಿಬಿಟ್ಟಿದ್ದಾರೆ. ನೌಕರಿಯ ಕೊನೆಯ ದಿನ ಗಲಗಲಿಯವರು ಬನಹಟ್ಟಿಗೆ ಹೋಗಿ ತಾಯವ್ವನವರ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ತಾಯವ್ವನವರು ಹೇಳಿದರು:

"ದೇವ್ರು ನಿಮಗ ನೂರು ವರ್ಷ ಆಯುಷ್ಯ ಕೊಡ್ಲಿರಿ. ಲಗೂನ ಹೋಗಬ್ಯಾಡ್ರಿ. ನಮ್ಮ ಮನಿಯವ್ರನ್ನ ದಿನಾ ನೆನಸವ್ರು ನಾನು, ನೀವು, ಇಬ್ಬರ ಅದೀವಿ."